ಎದೆಯೊಳಗಿನ ನೀರುಗಂಟಿ

ಮಕ್ಕಳೇ, ನಿಮ್ಮ ಎಡತೋಳಿನ ಅಂಗಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ನೋಡಿ. ಭುಜದ ಹತ್ತಿರ ಕಡಲೆಕಾಳಿನಷ್ಟು ಅಗಲದ ಒಂದು ಕಲೆ ಕಾಣುತ್ತದೆಯೆ? ನೀವು ಹುಟ್ಟಿದ ಹೊಸತರಲ್ಲಿ ಹಾಕಿದ ಬಿ.ಸಿ.ಜಿ. ಲಸಿಕೆಯ ಗುರುತು ಅದು. ಕೆಲವರಲ್ಲಿ ಕಲೆ ಉಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ. ನಿಮಗೆ ಎಷ್ಟೋ ಚುಚ್ಚುಮದ್ದು ಕೊಟ್ಟಿದ್ದಾರೆ. ಬೇರೆಲ್ಲ ಚುಚ್ಚಿದ ಜಾಗ ಮಾಯವಾಗಿ, ಇದೊಂದು ಮಾತ್ರ ಏಕೆ ಉಳಿಯಿತು?

ಬಿ.ಸಿ.ಜಿ.ಯಲ್ಲಿ ಇರುವುದು ಜೀವಂತ ಕ್ರಿಮಿ. ಹಸುಗಳಿಗೆ ಕ್ಷಯ ತರುವ ಬ್ಯಾಕ್ಟೀರಿಯವನ್ನು ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಬೆಳೆಸಿದರು. ತೆಗೆದು ಮತ್ತೆ ಬೆಳೆಸಿದರು. 1908ರಿಂದ 1921ರವರೆಗೆ, ಹದಿಮೂರು ವರ್ಷ, ಹೀಗೆ 230 ಸಲ ಮಾಡಿ ಅದನ್ನು ಹಲ್ಲು ಕಿತ್ತ ಹಾವಿನಂತೆ ಮಾಡಿದರು. ಅದು ನಿಮ್ಮ ತೋಳಿಗೆ ಹೋದಾಗ ಮೈಯ ಕಾವಲು ಕೋಶಗಳು ಅಲ್ಲಿ ಬಂದು ಮುತ್ತಿಕೊಂಡವು. ಕೆಲವು ವಾರಗಳಲ್ಲಿ ಗುಳ್ಳೆ ಎದ್ದು, ಒಡೆದು, ಒಣಗಿತು. ನಿಮಗೆ ನೆನಪಿರದು, ನಿಮ್ಮ ಅಮ್ಮನಿಗೆ ನೆನಪಿರುತ್ತದೆ. ಆ ಗುಳ್ಳೆಯನ್ನು ಎಬ್ಬಿಸಿದ್ದು, ಚರ್ಮಕ್ಕೆ ಕಲೆ ಮಾಡಿದ್ದು ಹಲ್ಲಿಲ್ಲದ ಆ ಕ್ರಿಮಿ ಅಲ್ಲ, ಅದರ ಮೇಲೆ ಬಿದ್ದ ನಿಮ್ಮದೇ ಕೋಶಗಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಬ್ಯಾಂಕಿನಲ್ಲಿ ಲೆಜರ್ ಬರೆದು ನಿವೃತ್ತನಾದವನು, ವೈದ್ಯನಲ್ಲ. ಆದರೆ ಲೆಕ್ಕದ ಪುಸ್ತಕ ಕಂಡರೆ ಬಿಡಲಾರೆ. ಕ್ಷಯದ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಪಕ್ಕದ ಸೀಮೆಯ ಒಂದು ಲೆಕ್ಕ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ಸಿಬ್ಬಂದಿ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ನಾಲ್ಕು ಸಲ ಸುತ್ತಿದರು. ಆಗ ಮದ್ದೂರು ತಾಲ್ಲೂಕು ದಾಟಿದರೆ ಸಿಗುವ ಚನ್ನಪಟ್ಟಣವೂ ಬೆಂಗಳೂರು ಜಿಲ್ಲೆಯೇ. ಮನೆಮನೆಗೆ ಹೋಗಿ ಜನರ ಮುಂಗೈಗೆ ಟ್ಯೂಬರ್‌ಕ್ಯುಲಿನ್ ಎಂಬ ದ್ರವವನ್ನು ಒಂದು ಹನಿಯಷ್ಟು ಚುಚ್ಚಿ, ಮೂರ್ನಾಲ್ಕು ದಿನ ಬಿಟ್ಟು ಬಂದು ಊತವನ್ನು ಅಳೆಯುತ್ತಿದ್ದರು. ಊದಿಕೊಂಡರೆ, ಆ ಮೈ ಕ್ಷಯದ ಕ್ರಿಮಿಯನ್ನು ಮೊದಲೇ ಕಂಡು ಗುರುತಿಟ್ಟುಕೊಂಡಿದೆ ಎಂದು ಅರ್ಥ. ಜೊತೆಗೆ ಎಕ್ಸ್-ರೇ, ಕಫದ ಪರೀಕ್ಷೆ.

ಕಂಡದ್ದೇನು? ಹತ್ತು ಜನರಲ್ಲಿ ಸುಮಾರು ಮೂವರ ಮೈಯೊಳಗೆ ಕ್ರಿಮಿ ಹೊಕ್ಕಿತ್ತು. ಆದರೆ ಕ್ಷಯ ರೋಗವೇ ಇದ್ದವರು ಸಾವಿರಕ್ಕೆ ಸುಮಾರು ನಾಲ್ಕು ಮಂದಿ! ಸಾವಿರದಲ್ಲಿ ಮುನ್ನೂರು ಮಂದಿಯ ಮನೆಗೆ ಕಳ್ಳ ನುಗ್ಗಿದ್ದಾನೆ, ನಾಲ್ಕು ಮನೆಯಲ್ಲಿ ಮಾತ್ರ ಕಳವಾಗಿದೆ ಎಂದಹಾಗಾಯಿತು.

ಅದೇ ಲೆಕ್ಕದ ಇನ್ನೊಂದು ಪುಟ ಓದುವಾಗ ಮನಸ್ಸು ಭಾರವಾಗುತ್ತದೆ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಸಿಕ್ಕ 126 ಮಂದಿಯನ್ನು ಐದು ವರ್ಷ ಗಮನಿಸಿದರು. ಆಗಿನ ಹಳ್ಳಿಗಳಲ್ಲಿ ಕ್ರಮವಾದ ಚಿಕಿತ್ಸೆ ಇಲ್ಲವೆನ್ನುವಷ್ಟು ಕಡಿಮೆ. ಐದು ವರ್ಷದಲ್ಲಿ ಸರಿಸುಮಾರು ಅರ್ಧದಷ್ಟು ಜನ ತೀರಿಕೊಂಡರು. ಐದರಲ್ಲೊಂದು ಪಾಲು ರೋಗಿಗಳಾಗಿಯೇ ಉಳಿದರು. ಆದರೆ ಮೂರರಲ್ಲೊಂದು ಪಾಲಿನವರ ಕಫದಲ್ಲಿ ಕ್ರಿಮಿಯೇ ಕಾಣದಾಯಿತು. ಔಷಧದ ಬಲವಿಲ್ಲದೆ ಇವರನ್ನು ಕಾಪಾಡಿದ್ದು ಯಾವುದು? ಒಂದೇ ನೀರು, ಒಂದೇ ರಾಗಿ ತಿಂದ ಪಕ್ಕದ ಮನೆಯವನನ್ನು ಕೈಬಿಟ್ಟದ್ದು ಯಾವುದು?

ಇದಕ್ಕೆ ಉತ್ತರ ಬೇಕಾದರೆ ಎದೆಯೊಳಗೆ ಇಳಿಯಬೇಕು.

ಕ್ಷಯ ಇರುವವರು ಕೆಮ್ಮಿದಾಗ ಕಣ್ಣಿಗೆ ಕಾಣದ ತುಂತುರು ಗಾಳಿಯಲ್ಲಿ ತೇಲುತ್ತದೆ. ಅದನ್ನು ಉಸಿರಾಡಿದವರ ಶ್ವಾಸಕೋಶದ ತುತ್ತತುದಿಯ ಗಾಳಿಚೀಲಕ್ಕೆ ಕ್ರಿಮಿ ತಲುಪುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಇದು ಹರಡುವುದಿಲ್ಲ. ರೋಗಿಯ ಲೋಟವನ್ನು ಬೇರೆ ಇಟ್ಟು ಕಿಟಕಿಯನ್ನು ಮುಚ್ಚಿಡುವ ಮನೆಗಳನ್ನು ನೋಡಿದ್ದೇನೆ. ಮಾಡಬೇಕಾದದ್ದು ಅದರ ತಿರುವುಮುರುವು.

ಗಾಳಿಚೀಲದಲ್ಲಿ ಕಾವಲಿಗಿರುವುದು ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶ. ಸಿಕ್ಕಿದ್ದನ್ನು ನುಂಗುವುದು ಇದರ ಕಸುಬು. ನುಂಗಿದ ಕ್ರಿಮಿಯನ್ನು ಒಂದು ಚೀಲಕ್ಕೆ ಹಾಕಿ, ಆ ಚೀಲಕ್ಕೆ ಕರಗಿಸುವ ರಸವನ್ನು ಸುರಿದು ಮುಗಿಸಿಬಿಡುತ್ತದೆ. ಬೇರೆ ಎಷ್ಟೋ ಕ್ರಿಮಿಗಳ ಕಥೆ ಅಲ್ಲಿಗೆ ಮುಗಿಯಿತು. ಕ್ಷಯದ ಕ್ರಿಮಿ ಹಾಗಲ್ಲ. ಮೈಮೇಲೆ ಮೇಣದಂಥ ದಪ್ಪ ಹೊದಿಕೆ, ಜೊತೆಗೆ ರಸ ಬಂದು ಚೀಲಕ್ಕೆ ಸೇರದಂತೆ ತಡೆಯುವ ವಿದ್ಯೆ. ಕಾವಲುಗಾರನ ಹೊಟ್ಟೆಯನ್ನೇ ಮನೆ ಮಾಡಿಕೊಂಡು ಕೂರುತ್ತದೆ. ಅವಸರವೂ ಇಲ್ಲ. ನಮ್ಮ ಕರುಳಿನ ಕೆಲವು ಬ್ಯಾಕ್ಟೀರಿಯಗಳು ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ, ಇದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು.

ಕಾವಲುಗಾರನಿಂದ ಆಗದಿದ್ದರೆ ಮೇಲಿನವರಿಗೆ ವರದಿ ಹೋಗಬೇಕಲ್ಲ. ಡೆಂಡ್ರಿಟಿಕ್ ಎಂಬ ಇನ್ನೊಂದು ಬಗೆಯ ಕೋಶ ಕ್ರಿಮಿಯ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ನಡೆಯುತ್ತದೆ. ಗಂಟಲು ಕೆಟ್ಟಾಗ ಕತ್ತಿನಲ್ಲಿ ಗಂಟಿನಂತೆ ಕೈಗೆ ಸಿಗುತ್ತವಲ್ಲ, ಅವೇ ದುಗ್ಧಗ್ರಂಥಿಗಳು. ಎದೆಯೊಳಗೂ ಇವೆ. ಅಲ್ಲಿ ಟಿ-ಕೋಶಗಳು ಕಾದಿರುತ್ತವೆ. ಒಂದೊಂದು ಟಿ-ಕೋಶಕ್ಕೂ ಗುರುತು ಸಿಗುವುದು ಒಂದೊಂದೇ ಬಗೆಯ ತುಣುಕು. ಸರಿಯಾದವನು ಸಿಕ್ಕಬೇಕು, ಅವನು ಎಚ್ಚರಗೊಳ್ಳಬೇಕು, ಒಬ್ಬ ಸಾವಿರಾರು ಆಗಬೇಕು, ರಕ್ತದಲ್ಲಿ ತೇಲಿ ಎದೆಗೆ ಬರಬೇಕು. ಇಷ್ಟಕ್ಕೆ ವಾರಗಳೇ ಹಿಡಿಯುತ್ತವೆ.

ಟಿ-ಕೋಶ ಎಚ್ಚರಗೊಳ್ಳುವ ರೀತಿ ಓದಿದಾಗ ನನಗೆ ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮು ನೆನಪಾಯಿತು. ಅದರ ಬಾಗಿಲಿಗೆ ಎರಡು ಕೀ. ಒಂದು ಮ್ಯಾನೇಜರ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ ಬಳಿ. ಒಬ್ಬರೇ ತಲೆಕೆಳಗಾದರೂ ಬಾಗಿಲು ತೆರೆಯದು. ಟಿ-ಕೋಶಕ್ಕೂ ಹಾಗೆಯೇ. ಕ್ರಿಮಿಯ ತುಣುಕು ತೋರಿಸುವುದು ಮೊದಲ ಕೀ. 'ನಿಜವಾಗಿಯೂ ಅಪಾಯವಿದೆ' ಎಂಬ ಇನ್ನೊಂದು ಸೂಚನೆ ಎರಡನೆಯ ಕೀ. ಮೊದಲನೆಯದು ಮಾತ್ರ ಬಂದರೆ ಆ ಕೋಶ ಕೆಲಸಕ್ಕೆ ಇಳಿಯುವುದಿಲ್ಲ. ಇಷ್ಟು ಬಿಗಿ ಏಕೆಂದರೆ, ಒಮ್ಮೆ ಹೊರಬಿದ್ದ ಸೈನ್ಯ ಮನೆಯವರನ್ನೂ ಹೊಡೆಯಬಲ್ಲದು.

ಹೊರಟ ಟಿ-ಕೋಶಗಳು ಎದೆಗೆ ಬಂದು ಇಂಟರ್‌ಫೆರಾನ್ ಗ್ಯಾಮ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ಅದು ತಾಗಿದ್ದೇ ಮ್ಯಾಕ್ರೊಫೇಜಿಗೆ ಹೊಸ ಶಕ್ತಿ ಬರುತ್ತದೆ. ಹೊಟ್ಟೆಯೊಳಗಿನ ಬಾಡಿಗೆದಾರನನ್ನು ಕರಗಿಸಲು ತೊಡಗುತ್ತದೆ. ಆದರೂ ಎಲ್ಲವೂ ಸಾಯುವುದಿಲ್ಲ. ಉಳಿದವುಗಳ ಸುತ್ತ ಕೋಶಗಳು ಒತ್ತೊತ್ತಾಗಿ ನಿಂತು ಬೇಲಿ ಕಟ್ಟುತ್ತವೆ. ಈ ಗಂಟಿಗೆ ಗ್ರ್ಯಾನುಲೋಮ ಎಂದು ಹೆಸರು. ಬೇಲಿ ಬಿಡಿಬಿಡಿಯಾಗದಂತೆ ಹಿಡಿದಿಡಲು ಟಿ.ಎನ್.ಎಫ್. ಎಂಬ ಇನ್ನೊಂದು ರಾಸಾಯನಿಕ ಬೇಕು. ಒಳಗೆ ಕ್ರಿಮಿ ಸತ್ತಂತೆ ಮಲಗಿರುತ್ತದೆ. ವರ್ಷಗಟ್ಟಲೆ, ಕೆಲವೊಮ್ಮೆ ಆಯುಷ್ಯವಿಡೀ. ಲೋಕದ ಜನರಲ್ಲಿ ಸುಮಾರು ಕಾಲುಭಾಗದ ಮೈಯೊಳಗೆ ಈ ಕ್ರಿಮಿ ಸೇರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು. 119 ಹಳ್ಳಿಗಳ ಆ ಮುನ್ನೂರು ಮತ್ತು ನಾಲ್ಕರ ಗುಟ್ಟು ಈ ಬೇಲಿಯಲ್ಲಿದೆ.

ಹಾಗಾದರೆ ಬೇಲಿ ಕಾಯುವವರು ಹೆಚ್ಚಿದಷ್ಟೂ, ಕಾದಾಟ ಜೋರಾದಷ್ಟೂ ಒಳ್ಳೆಯದಲ್ಲವೆ? ಬಹಳ ಜನ ಹಾಗೆಂದೇ ತಿಳಿದಿದ್ದಾರೆ. 'ಇಮ್ಯುನಿಟಿ ಹೆಚ್ಚಿಸುತ್ತದೆ' ಎಂದು ಬರೆದ ಡಬ್ಬಗಳು ನಮ್ಮ ಮಂಡ್ಯದ ಅಂಗಡಿಗಳಲ್ಲೂ ಸಾಲಾಗಿ ಕೂತಿವೆ.

ಇದಕ್ಕೆ ಉತ್ತರ ನಮ್ಮ ನಾಲೆಯಲ್ಲಿದೆ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಮಂಡ್ಯ ಕಳೆದು ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಿಗೂ ಅದು ಮುಟ್ಟಬೇಕು. ಮೇಲಿನವರು ತೂಬನ್ನು ಇಳಿಸಲೇ ಇಲ್ಲವೆಂದರೆ ಅವರ ಬದು ಕೊಚ್ಚಿಹೋಗುತ್ತದೆ, ಪೈರು ಕೊಳೆಯುತ್ತದೆ. ಎತ್ತಲೇ ಇಲ್ಲವೆಂದರೆ ಪೈರು ಒಣಗುತ್ತದೆ. ಅದಕ್ಕೇ ನಮ್ಮ ಹಿರಿಯರು ಕೆರೆಗೊಬ್ಬ ನೀರುಗಂಟಿಯನ್ನು ಇಟ್ಟಿದ್ದರು. ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು, ಎಲ್ಲ ಅವನ ಕೈಯಲ್ಲಿ. ಅವನಿಗೆ ಸುಗ್ಗಿಯಲ್ಲಿ ಇಷ್ಟು ಬಳ್ಳ ಎಂದು ಕಾಳು ಅಳೆಯುತ್ತಿದ್ದರು. ಇಂದಿನ ಮಕ್ಕಳಿಗೆ ನೀರುಗಂಟಿ ಯಾರೆಂದು ಗೊತ್ತಿರದಿದ್ದರೆ ತಾತನನ್ನು ಕೇಳಿ, ಒಂದು ಸಂಜೆಗೆ ಸಾಲುವಷ್ಟು ಕಥೆ ಬರುತ್ತದೆ.

ಮೈಯೊಳಗೂ ನೀರುಗಂಟಿಗಳಿದ್ದಾರೆ. ಅವರನ್ನು ಕಂಡುಹಿಡಿದ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಜಪಾನಿನ ಶಿಮೋನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. ಹುಟ್ಟಿ ಮೂರು ದಿನದ ಇಲಿಮರಿಗಳ ಥೈಮಸ್ ಗ್ರಂಥಿಯನ್ನು ತೆಗೆದರೆ ಏನಾಗುತ್ತದೆ ಎಂಬುದರಿಂದ ಸಕಾಗುಚಿಯ ಹುಡುಕಾಟ ಹೊರಟಿತು. ಥೈಮಸ್ ಎಂದರೆ ಟಿ-ಕೋಶಗಳ ಗರಡಿಮನೆ, ಎದೆಮೂಳೆಯ ಹಿಂದೆ ಇದೆ. ಗರಡಿ ತೆಗೆದರೆ ಪೈಲ್ವಾನರು ಕಡಿಮೆಯಾಗಿ ಮೈ ಸೋಲಬೇಕು, ಅಲ್ಲವೆ? ಆದದ್ದು ಬೇರೆ. ಉಳಿದ ಟಿ-ಕೋಶಗಳು ಇಲಿಯ ಸ್ವಂತ ಅಂಗಗಳ ಮೇಲೆಯೇ ಬಿದ್ದವು! ಆರೋಗ್ಯವಂತ ಇಲಿಯ ಟಿ-ಕೋಶಗಳನ್ನು ಕೊಟ್ಟಾಗ ಜಗಳ ತಣ್ಣಗಾಯಿತು. ಅಂದರೆ ಟಿ-ಕೋಶಗಳಲ್ಲೇ ಜಗಳ ಬಿಡಿಸುವ ಒಂದು ಪಂಗಡವಿದೆ. 1995ರಲ್ಲಿ ಅವರು ಆ ಪಂಗಡವನ್ನು ಗುರುತಿಸಿದರು. ಅದು ಹುಟ್ಟಲು ಬೇಕಾದ ವಂಶವಾಹಿಯನ್ನು ಉಳಿದಿಬ್ಬರು 2001ರಲ್ಲಿ ಹಿಡಿದರು. ಅವಕ್ಕೆ ನಿಯಂತ್ರಕ ಟಿ-ಕೋಶ ಎಂದು ಹೆಸರು. ಇವು ಮತ್ತು ಇವುಗಳ ಜೊತೆಗಾರರು ಐ.ಎಲ್.-10 ಎಂಬಂಥ ರಾಸಾಯನಿಕಗಳನ್ನು ಬಿಟ್ಟು 'ಸಾಕು, ತೂಬು ಇಳಿಸಿ' ಎನ್ನುತ್ತವೆ.

ಕ್ಷಯದಲ್ಲಿ ಈ ತೂಬಿನ ಕೆಲಸ ಬಹಳ ಸೂಕ್ಷ್ಮ. ಬೇಗ ಇಳಿಸಿದರೆ ಕ್ರಿಮಿಗೆ ಲಾಭ. ಇಲಿಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಸೈನ್ಯ ಎದೆಗೆ ಬಂದು ಸೇರುವುದನ್ನು ನಿಯಂತ್ರಕ ಕೋಶಗಳು ತಡಮಾಡುವುದು ಕಂಡಿದೆ. ಅಷ್ಟರಲ್ಲಿ ಕ್ರಿಮಿ ಬೆಳೆದಿರುತ್ತದೆ. ಇಳಿಸುವುದು ತಡವಾದರೆ ಶ್ವಾಸಕೋಶಕ್ಕೇ ನಷ್ಟ. ಗ್ರ್ಯಾನುಲೋಮದ ನಡುಭಾಗ ಹಾಲೊಡೆದ ಗಿಣ್ಣಿನಂತಾಗುತ್ತದೆ. ಮೇಲಿಂದ ಮೇಲೆ ಬಂದ ಕೋಶಗಳ ರಸಕ್ಕೆ ಗೋಡೆಯೂ ಕರಗಿ, ಗಂಟು ಉಸಿರಿನ ನಾಳಕ್ಕೆ ಒಡೆದುಕೊಳ್ಳುತ್ತದೆ. ಅಲ್ಲಿ ಉಳಿಯುವುದು ಒಂದು ಗುಳಿ. ಕಫದಲ್ಲಿ ರಕ್ತ ಬರುವುದು, ಕೆಮ್ಮಿದಾಗ ಲಕ್ಷಾಂತರ ಕ್ರಿಮಿ ಹೊರಬೀಳುವುದು ಇಂಥ ಕಡೆಯಿಂದ. ತೋಳಿನ ಕಲೆಯ ಮಾತು ನೆನಪಿದೆಯೆ? ಅಲ್ಲಿ ಚರ್ಮಕ್ಕೆ ಆದದ್ದೇ ಇಲ್ಲಿ ದೊಡ್ಡದಾಗಿ ಶ್ವಾಸಕೋಶಕ್ಕೆ ಆಗುತ್ತದೆ. ಕ್ರಿಮಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ದಾರಿ ಮಾಡಿಕೊಡುವುದು ಅತಿಯಾದ ನಮ್ಮದೇ ಕೋಪ.

ಇದು ಬರೀ ಊಹೆಯಲ್ಲ. ಎಚ್.ಐ.ವಿ.ಯಿಂದ ಟಿ-ಕೋಶಗಳು ತೀರ ಕುಗ್ಗಿದವರಿಗೆ ಕ್ಷಯ ಬಂದರೆ ಶ್ವಾಸಕೋಶದಲ್ಲಿ ಗುಳಿ ಬೀಳುವುದು ಕಡಿಮೆ, ಆದರೆ ಕ್ರಿಮಿ ಮೈಯೆಲ್ಲ ಹರಡಿಬಿಡುತ್ತದೆ. ತೂಬು ಎತ್ತುವವರಿಲ್ಲದ ಗದ್ದೆ ಅದು. ಟಿ-ಕೋಶಗಳಿಗೆ ಪಿ.ಡಿ.-1 ಎಂಬ ಒಂದು ಬ್ರೇಕು ಇದೆ. ಹುಟ್ಟಿನಿಂದಲೇ ಅದಿಲ್ಲದ ಇಲಿಗಳಿಗೆ ಕ್ಷಯ ತಗುಲಿದರೆ ಬಲಿಷ್ಠವಾಗಿ ಹೋರಾಡಿ ಗೆಲ್ಲಬೇಕಿತ್ತು. ಅವು ಮಾಮೂಲಿ ಇಲಿಗಳಿಗಿಂತ ಬೇಗ ಸತ್ತವು. ಇನ್ನು ಮಿದುಳಿನ ಪೊರೆಗೆ ಕ್ಷಯ ಬಂದಾಗ ವೈದ್ಯರು ಕ್ಷಯದ ಮಾತ್ರೆಯ ಜೊತೆಗೆ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಎಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಕ್ರಿಮಿ ಒಳಗಿರುವಾಗ ಸೈನ್ಯವನ್ನೇ ತಗ್ಗಿಸುವುದೆಂದರೆ ವಿಚಿತ್ರವೆನಿಸುತ್ತದೆ. ಆದರೆ ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ಊತ ತಗ್ಗಿದರೆ ಬದುಕುವವರು ಹೆಚ್ಚು ಎಂದು ವಿಯೆಟ್ನಾಮಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಈಗ ತಾತ-ಅಜ್ಜಿಯರ ಕಡೆ ತಿರುಗುತ್ತೇನೆ. ನಾನೂ ಆ ಸಾಲಿನವನೇ.

ನಾವು ಹುಡುಗರಾಗಿದ್ದಾಗ ಊರಲ್ಲಿ ಕೆಮ್ಮುವವರಿಗೆ ಕೊರತೆಯಿರಲಿಲ್ಲ. ನಮ್ಮಲ್ಲಿ ಅನೇಕರ ಎದೆಯೊಳಗೆ ಅಂದಿನ ಕ್ರಿಮಿ ಬೇಲಿಯ ಹಿಂದೆ ಇಂದಿಗೂ ಮಲಗಿರಬಹುದು. ಗರಡಿಮನೆ ಥೈಮಸ್ಸು ವಯಸ್ಸಾದಂತೆ ಸೊರಗುತ್ತದೆ, ಹೊಸ ಪೈಲ್ವಾನರು ಬರುವುದು ಕಡಿಮೆ. ಸಕ್ಕರೆ ಕಾಯಿಲೆ ಸೇರಿದರೆ ಮ್ಯಾಕ್ರೊಫೇಜು ಮಂದವಾಗುತ್ತದೆ, ಟಿ-ಕೋಶಗಳು ತಡವಾಗಿ ಏಳುತ್ತವೆ. ಸಕ್ಕರೆ ಕಾಯಿಲೆಯವರಿಗೆ ಕ್ಷಯದ ಅಪಾಯ ಎರಡು-ಮೂರು ಪಟ್ಟು ಹೆಚ್ಚು. ಕಬ್ಬಿನ ಸೀಮೆಯ ನಾವು ಇದನ್ನು ಕಿವಿಗೊಟ್ಟು ಕೇಳಬೇಕು. ಸಂಧಿವಾತಕ್ಕೆ ಕೊಡುವ ಕೆಲವು ದುಬಾರಿ ಚುಚ್ಚುಮದ್ದುಗಳು ಆ ಟಿ.ಎನ್.ಎಫ್. ಅನ್ನೇ ತಡೆಯುತ್ತವೆ. ಮಂಡಿ ನೋವು ಇಳಿಯುತ್ತದೆ, ಬೇಲಿ ಸಡಿಲವಾಗುತ್ತದೆ. ಅದಕ್ಕೇ ವೈದ್ಯರು ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. 'ಮಂಡಿ ನೋವಿಗೆ ಎದೆಯ ಎಕ್ಸ್-ರೇ ಯಾಕೆ' ಎಂದು ಜಗಳ ಆಡಬೇಡಿ.

ನಮ್ಮ ಕೆಮ್ಮನ್ನು ಮೊದಲು ಉಸಿರಾಡುವುದು ಮಡಿಲಲ್ಲಿರುವ ಮೊಮ್ಮಗು. ಎಳೆಯ ಮಗುವಿನ ಟಿ-ಕೋಶಗಳಿಗೆ ಬೇಲಿ ಕಟ್ಟುವ ಅನುಭವವಿಲ್ಲ, ಅದರ ಮೈಯಲ್ಲಿ ಕ್ರಿಮಿ ಮಿದುಳಿನವರೆಗೂ ಹೋಗಬಲ್ಲದು. ಬಿ.ಸಿ.ಜಿ. ಚೆನ್ನಾಗಿ ಕೆಲಸ ಮಾಡುವುದು ಇಲ್ಲೇ, ಮಕ್ಕಳ ಇಂಥ ಉಗ್ರ ಕ್ಷಯವನ್ನು ತಡೆಯುವುದರಲ್ಲಿ. ದೊಡ್ಡವರ ಎದೆಯ ಕ್ಷಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಬಹುದೊಡ್ಡ ಪರೀಕ್ಷೆ ಅದನ್ನೇ ಹೇಳಿತು. ಆದ್ದರಿಂದ ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಇವು ಕಂಡರೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಮದ್ದೂರು ಅಥವಾ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕಫದ ಪರೀಕ್ಷೆಗೂ ಮಾತ್ರೆಗೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಷಯವಿದ್ದರೆ ಐದು ವರ್ಷದೊಳಗಿನ ಮಗುವನ್ನೂ ಕರೆದೊಯ್ಯಬೇಕು. ರೋಗವಿಲ್ಲವೆಂದು ಖಚಿತವಾದ ಮೇಲೆ, ಬರದಂತೆ ತಡೆಯುವ ಔಷಧವನ್ನು ಅದಕ್ಕೆ ಕೊಡುತ್ತಾರೆ.

ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಮದ್ದೂರಿನ ಕಡೆ ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ನಮ್ಮ ಶಾಖೆಗೆ ಬರುತ್ತಿದ್ದರು. ಎರಡು ತಿಂಗಳಿಗೆ ಕೆಮ್ಮು ನಿಂತು ಮುಖ ತುಂಬಿಕೊಂಡಿತ್ತು. "ವಾಸಿಯಾಯ್ತಲ್ಲ ಸಾ, ಇನ್ನೇನು ಮಾತ್ರೆ ನುಂಗೋದು?" ಎಂದು ನಕ್ಕರು. ಮರುವರ್ಷ ಅವರ ಖಾತೆಯ ಹಣಕ್ಕೆ ಹೆಂಡತಿ ಬಂದು ಅರ್ಜಿ ಕೊಟ್ಟರು. ಎರಡು ತಿಂಗಳಲ್ಲಿ ಸಾಯುವುದು ಚುರುಕಾಗಿ ಬೆಳೆಯುತ್ತಿರುವ ಕ್ರಿಮಿಗಳು. ಮಲಗಿರುವವಕ್ಕೆ ಮಾತ್ರೆ ಬೇಗ ತಾಗುವುದಿಲ್ಲ. ಒಂದೊಂದೇ ಏಳುವಾಗ ಒಂದೊಂದನ್ನೇ ಹಿಡಿಯಲು ಉಳಿದ ನಾಲ್ಕು ತಿಂಗಳು. ನಡುವೆ ಬಿಟ್ಟರೆ ಉಳಿದವು ಔಷಧಕ್ಕೂ ಬಗ್ಗದಂತಾಗಬಹುದು.

ಇನ್ನು ಊಟದ ಮಾತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಗುವ ಮೊದಲು ಕ್ಷಯಕ್ಕೆ ಔಷಧವೇ ಇರಲಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ಕಟ್ಟಿದ ಕ್ಷಯರೋಗ ಆಸ್ಪತ್ರೆ, ನಮ್ಮವರ ಬಾಯಲ್ಲಿ ಪಿ.ಕೆ. ಸ್ಯಾನಿಟೋರಿಯಂ, ಆ ಕಾಲದ್ದು. ಅರಮನೆಯೊಳಗೂ ನುಗ್ಗಿದ ಕಾಯಿಲೆ ಇದು. ಅಂಥ ಕಡೆಗಳಲ್ಲಿ ಆಗ ಕೊಡಬಹುದಾಗಿದ್ದದ್ದು ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಒಟ್ಟಿನಲ್ಲಿ ಮೈಯ ಸೈನ್ಯಕ್ಕೆ ರೇಷನ್ನು. ಔಷಧ ಬಂದ ಮೇಲೆ ಅದನ್ನು ಹಳೆಯ ಕಾಲದ ಮಾತೆಂದು ಬಿಟ್ಟವರೇ ಹೆಚ್ಚು.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಬಿಡಲಿಲ್ಲ. ಜಾರ್ಖಂಡಿನಲ್ಲಿ 2,800 ರೋಗಿಗಳ ಮನೆಗಳನ್ನು ಸೇರಿಸಿಕೊಂಡು ಪರೀಕ್ಷೆ ನಡೆಸಿದರು. ರೋಗಿಗಳಿಗೆಲ್ಲ ಮಾತ್ರೆಯ ಜೊತೆಗೆ ಆಹಾರ ಕೊಟ್ಟರು. ಅರ್ಧದಷ್ಟು ಮನೆಗಳಲ್ಲಿ ಮನೆಮಂದಿಗೂ ಕೊಟ್ಟರು, ದೊಡ್ಡವರಿಗೆ ತಲೆಗೆ ತಿಂಗಳಿಗೆ ಐದು ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. 2023ರಲ್ಲಿ ಫಲ ಪ್ರಕಟವಾಯಿತು. ಮನೆಮಂದಿ ಹೊಟ್ಟೆತುಂಬ ಉಂಡ ಮನೆಗಳಲ್ಲಿ ಅವರಿಗೆ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಇಳಿಯಿತು. ಮೊದಲೆರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ ಇತ್ತು. ಎತ್ತುವವರಿಗೂ ಇಳಿಸುವವರಿಗೂ ಕೂಲಿ ಕಾಳಿನಲ್ಲೇ ಸಲ್ಲಬೇಕು. ಡಬ್ಬದ ಪುಡಿಗಿಂತ ಮುದ್ದೆ, ಹುರುಳಿಕಾಳಿನ ಸಾರು, ಒಂದು ಮೊಟ್ಟೆ ಮೇಲೆಂದು ನಾನು ಹೇಳಲು ಧೈರ್ಯ ಬಂದದ್ದು ಈ ಲೆಕ್ಕ ಓದಿದ ಮೇಲೆ.

ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಊಟಕ್ಕೆಂದು ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಇಲ್ಲದಿದ್ದರೆ ತೆರೆಸಿ. ಇದ್ದರೆ ಆಸ್ಪತ್ರೆಯಲ್ಲಿ ಕೊಟ್ಟ ಖಾತೆ ಸಂಖ್ಯೆ ಸರಿಯಿದೆಯೇ ಎಂದು ಇನ್ನೊಮ್ಮೆ ನೋಡಿ. ಮೊಮ್ಮಕ್ಕಳೇ, ತಾತನ ಕಣ್ಣಿಗೆ ಪಾಸ್‌ಬುಕ್ಕಿನ ಸಣ್ಣ ಅಕ್ಷರ ಕಾಣುವುದಿಲ್ಲ. ಎಂಟ್ರಿ ಹಾಕಿಸಿ, ಹಣ ಬಂದಿದೆಯೇ ಎಂದು ನೀವೇ ಓದಿ ಹೇಳಿ.